ಕಲಿಯಲು ಪುರಸೊತ್ತಿಲ್ಲದ ಆಟ



ಕಳೆದ ಬೇಸಿಗೆಯಲ್ಲಿ ನಾವು ಯಾಲಾಲಿಗೆ ಹೋಗಿದ್ದೆವು. ಎಸ್ಟೇಟಿನ ಲೈನು ಮನೆಗಳಲ್ಲಿ ಕುಳಿತು ಈ ಪತ್ರಿಕೆ ಓದುವ ನಿಮ್ಮಲ್ಲಿ ಬಹುಮಂದಿಗೆ ಆ ಊರಿನ ಹೆಸರು ಹೊಸದಾಗಿರಬಹುದು. ತಾಂಡೂರಿನ ನೆರೆಯಲ್ಲಿರುವ ಯಾಲಾಲ್ ಈಗ ತೆಲಂಗಾಣದ ವಿಕಾರಾಬಾದ್ ಜಿಲ್ಲೆಯ ಒಂದು ಮಂಡಲ. 1956ರವರೆಗೆ ತಾಂಡೂರು ತಾಲೂಕು ಗುಲ್ಬರ್ಗಾ ಜಿಲ್ಲೆಗೆ ಸೇರಿತ್ತು. ರಾಜ್ಯಗಳ ಪುನರ್ವಿಂಗಡಣೆಯಾದಾಗ ತಾಂಡೂರು, ಕೊಡಂಗಲ್‌ಗಳು ಆಂಧ್ರಕ್ಕೆ ಹೋದವು. ಬೀದರ್ ಜಿಲ್ಲೆಯಿಂದ ನಾರಾಯಣಖೇಡವೂ ಜಹೀರಾಬಾದಿನ ಬಹುಭಾಗವೂ ಹೋದವು. ಜಿಲ್ಲೆಯ ಗೆರೆ ಬದಲಾಯಿತು, ಆದರೆ ಅನೇಕ ಮನೆಗಳಲ್ಲಿ ಮಾತು ಕನ್ನಡವಾಗಿಯೇ ಉಳಿಯಿತು. ಶಾಲೆಯಲ್ಲಿ ತೆಲುಗು, ಸಂತೆಯಲ್ಲಿ ಉರ್ದು, ಒಲೆಯ ಮುಂದೆ ಕನ್ನಡ, ಹೀಗೆ ಅಲ್ಲಿಯ ಮಕ್ಕಳು ಮೂರು ಭಾಷೆಗಳ ನಡುವೆ ಬೆಳೆಯುತ್ತಾರೆ.

ಆ ಸೀಮೆಯಲ್ಲಿ ಹೊಲವೆಂದರೆ ತೊಗರಿ, ಕೂಲಿಯೆಂದರೆ ಕಲ್ಲಿನ ಗಣಿ. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿತು. ನೆಲಕ್ಕೆ ಹಾಸುವ ಚಪ್ಪಟೆ ಸುಣ್ಣಕಲ್ಲು, ನಾವು ಶಾಬಾದಿ ಕಲ್ಲು ಎಂದೂ ಪರಸಿ ಎಂದೂ ಕರೆಯುವುದು, ಆ ನೆಲದಡಿಯಿಂದಲೇ ಬರುತ್ತದೆ. ನಾವು ಇಳಿದುಕೊಂಡ ಮನೆಯ ಯಜಮಾನರು ಗಣಿಯಲ್ಲಿ ದುಡಿದವರು. ಅವರ ಹಿರಿಯ ಮಗ ಹೈದರಾಬಾದಿನಲ್ಲಿ ಕೆಲಸಕ್ಕಿದ್ದಾನೆ. ಕಿರಿಯವನು ಹೈಸ್ಕೂಲಿಗೆ ಹೋಗುತ್ತಾನೆ. ಆ ಮನೆಯ ಗೂಡಿನಲ್ಲಿ ದೇವರ ಪುಸ್ತಕದ ಪಕ್ಕದಲ್ಲಿ ಒಂದು ಬಣ್ಣದ ಪೆಟ್ಟಿಗೆಯಿತ್ತು. ಅದರ ಮೇಲೆ ಧೂಳು ಕೂತಿತ್ತು.

ಅದೇನೆಂದು ಕೇಳಿದೆವು. ಅಣ್ಣ ಎರಡು ವರ್ಷದ ಹಿಂದೆ ತಂದ ಆಟ ಎಂದು ಹುಡುಗ ಹೇಳಿದ. ಪೆಟ್ಟಿಗೆಯಲ್ಲಿ ಇಪ್ಪತ್ತು ಮುಖದ ಒಂದು ದಾಳ, ಬೇರೆ ಬೇರೆ ಆಕಾರದ ಇನ್ನೂ ಕೆಲವು ದಾಳಗಳು, ದಪ್ಪನೆಯ ಇಂಗ್ಲಿಷ್ ಪುಸ್ತಕಗಳು. "ಹಬ್ಬಕ್ಕ ಬಂದಾಗ ಕಲಿಸ್ತೀನಿ ಅಂದಿದ್ದ. ಬಂದ್ರ ಎರಡು ದಿನ ಇರ್ತಾನ, ಒಂದು ದಿನ ಮಲಗ್ತಾನ" ಎಂದ. ಅವನ ಮಾತಿನಲ್ಲಿ ದೂರು ಇರಲಿಲ್ಲ. ಅಣ್ಣನ ನಿದ್ದೆ ಎಷ್ಟು ಬಾಕಿಯಿದೆ ಎಂಬುದು ಆ ಹುಡುಗನಿಗೂ ಗೊತ್ತು.

ಆ ಪೆಟ್ಟಿಗೆಯ ಆಟದ ಕಥೆ ನಮ್ಮಂಥ ದುಡಿಯುವವರು ತಿಳಿಯತಕ್ಕದ್ದು. ಅದರ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನ ಗ್ಯಾರಿ ಗೈಗ್ಯಾಕ್ಸ್ ಎಂಬವರು ಡೇವ್ ಆರ್ನೆಸನ್ ಎಂಬ ಗೆಳೆಯನೊಂದಿಗೆ ಸೇರಿ ಅದನ್ನು ಕಟ್ಟಿದರು. ಗೈಗ್ಯಾಕ್ಸ್ ವಿಮಾ ಕಂಪೆನಿಯೊಂದರಲ್ಲಿ ನೌಕರರಾಗಿದ್ದರು. 1970ರಲ್ಲಿ ಕೆಲಸ ಹೋಯಿತು. ಮನೆಯಲ್ಲಿ ಹೆಂಡತಿ ಮಕ್ಕಳು. ಹೊಟ್ಟೆಪಾಡಿಗೆ ಅವರು ಜೋಡು ರಿಪೇರಿ ಮಾಡತೊಡಗಿದರು. ಹಾಗೆ ಚಮ್ಮಾರಿಕೆ ಮಾಡುತ್ತ ಉಳಿದ ಹೊತ್ತಿನಲ್ಲಿ ಆಟದ ನಿಯಮಗಳನ್ನು ಬರೆದರು. 1974ರಲ್ಲಿ ಮೂರು ಸಣ್ಣ ಪುಸ್ತಕಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಮೊದಲ 1000 ಪ್ರತಿಗಳನ್ನು ಮನೆಯಲ್ಲೇ ಕೈಯಿಂದ ಜೋಡಿಸಿ ಮಾರಿದರು. ಇಂದು ಅದು ಲೋಕವೆಲ್ಲ ಹಬ್ಬಿದೆ. 2024ರಲ್ಲಿ ಬಂದ ಆಟಗಾರರ ಕೈಪಿಡಿಯೊಂದೇ 384 ಪುಟ.

ಆಟದ ರೀತಿ ಇದು. ನಾಲ್ಕೈದು ಮಂದಿ ಮೇಜಿನ ಸುತ್ತ ಕೂಡುತ್ತಾರೆ. ಒಬ್ಬನು ಕಥೆ ನಡೆಸುವವನು. ಮಿಕ್ಕವರು ಒಂದೊಂದು ಪಾತ್ರ ವಹಿಸುತ್ತಾರೆ: ಒಬ್ಬ ಯೋಧ, ಒಬ್ಬ ಮಂತ್ರವಾದಿ, ಒಬ್ಬ ಕಳ್ಳ. ಕಥೆಯವನು "ಮುಂದೆ ಗುಹೆಯಿದೆ, ಏನು ಮಾಡುತ್ತೀರಿ?" ಎಂದು ಕೇಳುತ್ತಾನೆ. ಪಾತ್ರಧಾರಿಗಳು ತಮ್ಮ ತಮ್ಮ ಪಾತ್ರದ ಗುಣಕ್ಕೆ ತಕ್ಕಂತೆ ಉತ್ತರ ಕೊಡುತ್ತಾರೆ. ಕೆಲಸ ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಒಬ್ಬ ಗೆದ್ದು ಇನ್ನೊಬ್ಬ ಸೋಲುವ ಆಟ ಇದಲ್ಲ, ಎಲ್ಲರೂ ಕೂಡಿ ಒಂದು ಕಥೆ ಕಟ್ಟುವುದು. ಕೂತರೆ ಒಂದು ಸಂಜೆಯೆಲ್ಲ ಬೇಕು, ಕಥೆ ಮುಗಿಯಲು ತಿಂಗಳುಗಳೇ ಬೇಕು.

ನಾವು ಇದನ್ನು ಹುಡುಗನಿಗೆ ವಿವರಿಸುತ್ತಿದ್ದಾಗ ಬಾಗಿಲ ಬಳಿ ತೊಗರಿ ಹಸನು ಮಾಡುತ್ತಿದ್ದ ಅವನ ಆಯಿ ಮೊರ ಕೆಳಗಿಟ್ಟು ಕೇಳಿಸಿಕೊಂಡರು. "ಹಂಗಾದ್ರ ಇದು ಕುಂತು ಆಡೋ ಬಯಲಾಟ ಅದ ನೋಡಪಾ" ಎಂದರು.

384 ಪುಟಗಳ ವಿಷಯವನ್ನು ಆ ತಾಯಿ ಒಂದೇ ಮಾತಿನಲ್ಲಿ ಹಿಡಿದಿದ್ದರು. ಬಡಗಣ ಜಿಲ್ಲೆಗಳ ದೊಡ್ಡಾಟವನ್ನು ನೋಡಿದವರಿಗೆ ಇದು ತಿಳಿದಿದೆ. ಅಲ್ಲಿ ಕುಣಿಯುವವರು ಸಂಬಳದ ಕಲಾವಿದರಲ್ಲ. ಹಗಲು ನೇಗಿಲು ಹಿಡಿದವನು, ಕಲ್ಲು ಒಡೆದವನು, ರಾತ್ರಿ ಗುರುವಿನ ಮುಂದೆ ನಿಂತು ತಾಲೀಮು ಮಾಡುತ್ತಾನೆ. ಓದು ಬಾರದವನಿಗೆ ಇನ್ನೊಬ್ಬ ಓದಿ ಹೇಳಿ ಬಾಯಿಪಾಠ ಮಾಡಿಸುತ್ತಾನೆ. ತಿಂಗಳುಗಟ್ಟಲೆ ಹೀಗೆ ಕಲಿತು, ಕೈಯಿಂದ ಖರ್ಚು ಹಾಕಿ, ಒಂದು ರಾತ್ರಿ ಭುಜಕೀರ್ತಿ ಕಟ್ಟಿ ಅರ್ಜುನನೋ ಕರ್ಣನೋ ಆಗಿ ಬೆಳಗಿನವರೆಗೆ ನಿಲ್ಲುತ್ತಾನೆ. ಮರುದಿನ ಮತ್ತೆ ಕೂಲಿ. ಆದರೆ ಊರು ಅವನನ್ನು ಮುಂದೆ ಎಷ್ಟೋ ಕಾಲ ಆ ಪಾತ್ರದ ಹೆಸರಿನಿಂದಲೇ ಕರೆಯುತ್ತದೆ. ಮಲೆನಾಡಿನ ಕಡೆಯ ನಮ್ಮ ಓದುಗರು ಯಕ್ಷಗಾನದಲ್ಲಿ ಇಂಥದ್ದನ್ನೇ ಕಂಡಿರಬಹುದು. ಬೇರೆಯವನ ಬಾಳನ್ನು ಒಂದು ರಾತ್ರಿ ಬಾಳಿ ನೋಡುವ ಆಸೆ ಕೂಲಿಯವನಿಗೂ ಇದೆ. ಅದಕ್ಕೆ ಅಮೆರಿಕದ ಪೆಟ್ಟಿಗೆಯೇ ಬೇಕೆಂದಿಲ್ಲ.

ಆಮೇಲೆ ಆಯಿ ಎದ್ದು ಪಡಸಾಲೆಯ ಮೂಲೆಯ ಪರಸಿಯ ಮೇಲಿದ್ದ ಚಾಪೆಯನ್ನು ಸರಿಸಿದರು. ಕಲ್ಲಿನಲ್ಲಿ ಉಳಿಯಿಂದ ಕೊರೆದ 25 ಮನೆಗಳು ಕಂಡವು. ಚೌಕಾಬಾರ. ತೆಲುಗಿನವರು ಅಷ್ಟಾಚಮ್ಮಾ ಎನ್ನುವುದೂ ಇದನ್ನೇ. ಅವರ ಯಜಮಾನರು ಮದುವೆಯಾದ ಹೊಸದರಲ್ಲಿ ಗಣಿಯಿಂದ ಬಂದು ಕೊರೆದದ್ದಂತೆ. ನಾಲ್ಕು ಕವಡೆ ಬೀಸಬೇಕು. ಎಷ್ಟು ಕವಡೆ ಬಾಯಿ ಮೇಲಾಗಿ ಬಿದ್ದವೋ ಅಷ್ಟು ಮನೆ ನಡೆಯಬೇಕು. ನಾಲ್ಕೂ ಬಾಯಿ ಮೇಲಾದರೆ ಚೌಕ, ನಾಲ್ಕೂ ಬೋರಲಾದರೆ ಎಂಟು, ಇವೆರಡಕ್ಕೂ ಮತ್ತೊಂದು ಬೀಸು ಸಿಗುತ್ತದೆ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ಕೊನೆಗೆ ನಡುಮನೆ ಸೇರಿದರೆ ಕಾಯಿ ಹಣ್ಣಾಯಿತು. ಹುಡುಗನಿಗೆ ಆ ಚಾಪೆಯ ಕೆಳಗೆ ಗೆರೆಗಳಿರುವುದು ಗೊತ್ತಿತ್ತು, ಆಡಲು ಗೊತ್ತಿರಲಿಲ್ಲ.

ಇದು ನಮ್ಮನ್ನು ಯೋಚನೆಗೆ ಹಚ್ಚಿತು. ಇಂಗ್ಲಿಷ್ ಪೆಟ್ಟಿಗೆಯ ಆಟಕ್ಕೆ ಪುರಸೊತ್ತಿಲ್ಲವೆಂದರೆ ಒಪ್ಪಬಹುದು. ಅದರ ಪುಸ್ತಕ ದಪ್ಪ, ಭಾಷೆ ನಾಲ್ಕನೆಯದು. ಆದರೆ ಅರ್ಧ ಗಂಟೆಯಲ್ಲಿ ಬರುವ ಚೌಕಾಬಾರ ಅದೇ ಮನೆಯಲ್ಲಿ, ಅದೇ ನೆಲದ ಮೇಲೆ, ಯಾಕೆ ಉಳಿಯಲಿಲ್ಲ? ಆಯಿಯನ್ನು ಕೇಳಿದೆವು: ನಿಮಗೆ ಇದನ್ನು ಯಾರು ಕಲಿಸಿದರು? ಅವರು ಸ್ವಲ್ಪ ಹೊತ್ತು ನೆನೆಸಿಕೊಂಡು, "ಯಾರೂ ಕಲಿಸಿಲ್ಲಪಾ. ಹಿರೇರು ಆಡ್ತಿದ್ರು, ಬಾಜೂಕ ಕುಂತಿದ್ದೆ" ಎಂದರು.

ಉತ್ತರ ಅಲ್ಲಿಯೇ ಇದೆ. ಹಿಂದಿನವರು ಆಟ ಕಲಿಯಲೆಂದು ಹೊತ್ತು ಎತ್ತಿಟ್ಟವರಲ್ಲ. ದೊಡ್ಡವರು ಬಿಡುವಿನಲ್ಲಿ ಆಡುತ್ತಿದ್ದರು, ಚಿಕ್ಕವರು ಪಕ್ಕದಲ್ಲಿ ಕೂತಿರುತ್ತಿದ್ದರು. ಕಲಿಕೆ ತಾನಾಗಿ ಆಯಿತು. ಈಗ ಆ ಮನೆಯಲ್ಲಿ ತಂದೆ ಬೆಳಗಿನ ಜಾವ ಗಣಿಗೆ ಹೋಗುತ್ತಾರೆ, ತಾಯಿ ಹೊತ್ತೇರುವ ಮೊದಲು ಕೂಲಿಗೆ ಹೋಗುತ್ತಾರೆ, ಅಣ್ಣ ಪಟ್ಟಣದಲ್ಲಿ, ತಮ್ಮ ಶಾಲೆ ಮುಗಿಸಿ ಟ್ಯೂಷನ್‌ನಲ್ಲಿ. ಒಬ್ಬೊಬ್ಬರಿಗೂ ಒಂದಿಷ್ಟು ಬಿಡುವಿದೆ, ಆದರೆ ಒಬ್ಬರ ಬಿಡುವು ಇನ್ನೊಬ್ಬರ ಬಿಡುವನ್ನು ಸಂಧಿಸುವುದಿಲ್ಲ. ಎದುರಿಗೆ ಕೂಡುವವರಿಲ್ಲದ ಮೇಲೆ ಕವಡೆ ಬೀಸುವುದು ಯಾರಿಗಾಗಿ?

ಬಿಡುವಿಗೂ ಆಟಕ್ಕೂ ಇರುವ ನಂಟನ್ನು ಮೈಸೂರಿನ ಇತಿಹಾಸ ಚೆನ್ನಾಗಿ ತೋರಿಸುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರಿಂದ 1831ರಲ್ಲಿ ಬ್ರಿಟಿಷರು ರಾಜ್ಯಾಡಳಿತವನ್ನು ಕಿತ್ತುಕೊಂಡರು. ಅವರು 1868ರಲ್ಲಿ ತೀರಿಕೊಂಡರು. ನಡುವಿನ ಅಷ್ಟೂ ವರ್ಷ ಅವರಿಗೆ ಪಟ್ಟವಿತ್ತು, ಆಳುವ ಕೆಲಸವಿರಲಿಲ್ಲ. ಆ ಕಾಲದಲ್ಲಿ ಅವರು ಆಟಗಳನ್ನು ಕಟ್ಟಿದರು. ಚದುರಂಗದ ಕುದುರೆಯನ್ನು 64 ಮನೆಗಳಲ್ಲೂ ಒಂದೊಂದು ಸಲ ಮಾತ್ರ ಮುಟ್ಟಿಸಿ ನಡೆಸುವ ದಾರಿಗಳನ್ನು ಕಂಡುಹಿಡಿದರು. ಪಗಡೆಯಂಥ ಆಟಗಳನ್ನು ಹಿಗ್ಗಿಸಿ ಹೊಸ ಹೊಸ ಹಾಸುಗಳನ್ನು ರಚಿಸಿದರು. ಶ್ರೀತತ್ತ್ವನಿಧಿಯ ಕೌತುಕನಿಧಿ ಎಂಬ ಭಾಗ ಈ ಆಟಗಳಿಗೇ ಮೀಸಲು. ಅವು ಎಷ್ಟು ಜಟಿಲವೆಂದರೆ ಪಂಡಿತರು ಇಂದಿಗೂ ಕುಳಿತು ಬಿಡಿಸಬೇಕಾಗಿದೆ. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು ಕ್ರೀಡಾಕೌಶಲ್ಯ ಎಂಬ ಪ್ರದರ್ಶನಗಳನ್ನು ನಡೆಸಿ ಹಳೆಯ ಹಾಸುಗಳನ್ನು ಮತ್ತೆ ಜನರ ಕೈಗೆ ಕೊಡುತ್ತ ಬಂದಿದ್ದಾರೆ. ಅದು ಒಳ್ಳೆಯ ಕೆಲಸ. ಆದರೆ ಪ್ರದರ್ಶನಕ್ಕೆ ಹೋಗಲೂ ಒಂದು ದಿನದ ರಜೆ ಬೇಕು.

ಅರಸನ ಆಟ ಪುಸ್ತಕ ಸೇರಿದರೆ, ದುಡಿಯುವವನ ಆಟ ಕಲ್ಲನ್ನು ಸೇರಿದೆ. ಹಂಪಿಯ ಮಂಟಪಗಳ ನೆಲದಲ್ಲಿ ಯಾರೋ ಕೊರೆದ ಹುಲಿ-ಕುರಿ ಆಟದ ಗೆರೆಗಳನ್ನು ಇಂದೂ ನೋಡಬಹುದು. ನಮ್ಮ ಮಕ್ಕಳು ಮೊದಲು ಕಲಿಯಲಿ ಎಂದು ನಾವು ಬಯಸುವ ಆಟ ಅದೇ. ಮೂರು ಹುಲಿ, ಹದಿನೈದು ಕುರಿ, ಗೆರೆ ಕೂಡುವ 23 ಬಿಂದು. ಹುಲಿ ಹಾರಿ ಕುರಿಯನ್ನು ತಿನ್ನಬಲ್ಲದು. ಕುರಿಗೆ ತಿನ್ನುವ ಬಲವಿಲ್ಲ, ಹಾರುವ ಬಲವೂ ಇಲ್ಲ. ಒಂಟಿಯಾಗಿ ನಿಂತ ಕುರಿ, ಹಿಂದಿನ ಮನೆ ಖಾಲಿಯಿದ್ದ ಕುರಿ, ಸತ್ತ ಕುರಿಯೇ. ಆದರೆ ಕುರಿಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತರೆ ಹುಲಿಗೆ ಹಾರಲು ಜಾಗವಿಲ್ಲ. ಮೂರು ಹುಲಿಗಳೂ ಅಲುಗಾಡದಂತೆ ಕಟ್ಟಿಹಾಕಿದರೆ ಕುರಿಗಳಿಗೆ ಗೆಲುವು. ಸಂಘದ ಸಭೆಯಲ್ಲಿ ನಾವು ಎರಡು ಗಂಟೆ ಭಾಷಣ ಮಾಡಿ ಹೇಳುವುದನ್ನು ಈ ಆಟ ಹತ್ತು ವರ್ಷದ ಹುಡುಗಿಗೆ ಕಾಲು ಗಂಟೆಯಲ್ಲಿ ತಿಳಿಸುತ್ತದೆ.

ಈಗ ನಮ್ಮ ಎಸ್ಟೇಟುಗಳ ಕಡೆ ನೋಡೋಣ. ತೋಟದ ಕೆಲಸಗಾರರ 1951ರ ಕಾಯಿದೆ ದೊಡ್ಡವರ ದುಡಿಮೆಗೆ ವಾರಕ್ಕೆ 54 ಗಂಟೆಯ ಮಿತಿ ಹಾಕಿತು. 1981ರ ತಿದ್ದುಪಡಿ ಅದನ್ನು 48ಕ್ಕೆ ಇಳಿಸಿತು. ಅದೇ ಕಾಯಿದೆಯಲ್ಲಿ ವಾರದ ರಜೆಯ ಮಾತಿತ್ತು, ಕೂಸಿನ ಮನೆಯ ಮಾತಿತ್ತು. ಕೆಲಸಗಾರರಿಗೂ ಮಕ್ಕಳಿಗೂ ಆಟ-ವಿನೋದದ ಸೌಕರ್ಯ ಮಾಡಿಕೊಡಲು ಮಾಲೀಕರಿಗೆ ಸರ್ಕಾರ ನಿಯಮ ಹಾಕಬಹುದೆಂಬ ಮಾತೂ ಇತ್ತು. ಆ ಹಳೆಯ ಕಾಯಿದೆಯನ್ನು ಒಳಗೊಂಡು ಬರೆದ 2020ರ ಸಂಹಿತೆಯಲ್ಲೂ ತೋಟದವರ ವಸತಿ, ಆರೋಗ್ಯ, ಶಿಕ್ಷಣಗಳ ಸಾಲಿನಲ್ಲಿ ವಿನೋದದ ಸೌಕರ್ಯವನ್ನು ಹೆಸರಿಸಿದೆ. ಕಾನೂನು ಬರೆದವರಿಗೂ ಆಟವು ಕೂಲಿಗಾರನ ಬಾಳಿನ ಒಂದು ಅಂಗವೆಂದು ತೋರಿತ್ತು ಎಂಬುದನ್ನು ನಾವು ಮರೆಯಬಾರದು.

ಆದರೆ ನಡೆಯುವುದೇನು? ನಾವು ಬಲ್ಲ ಒಂದು ತೋಟದಲ್ಲಿ ಕೆಲಸಗಾರರ ಕ್ಲಬ್ಬೆಂದು ಕಟ್ಟಿದ ಕೋಣೆಯಿತ್ತು. ಒಂದು ಕೇರಂ ಬೋರ್ಡು, ಒಂದು ರೇಡಿಯೋ, ಗೋಡೆಗೆ ಒಂದು ಬೆಂಚು. ಒಂದು ಮಳೆಗಾಲದಲ್ಲಿ ಗೊಬ್ಬರದ ಚೀಲಗಳನ್ನು ತಾತ್ಕಾಲಿಕವಾಗಿ ಅಲ್ಲಿ ಇಡಲಾಯಿತು. ಚೀಲಗಳು ಆ ಕೋಣೆಯನ್ನು ಬಿಟ್ಟು ಹೋಗಲಿಲ್ಲ. ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಸಂಬಳದ ಬೇಡಿಕೆ, ಬೋನಸ್ಸಿನ ಬೇಡಿಕೆ, ಸೋರುವ ಮಾಡಿನ ಬೇಡಿಕೆಗಳ ನಡುವೆ ಕೇರಂ ಬೋರ್ಡಿನ ಮಾತೆತ್ತಲು ನಮಗೆ ನಾಚಿಕೆಯಾಯಿತು. ಆ ನಾಚಿಕೆ ತಪ್ಪೆಂದು ಈಗ ಅನ್ನಿಸುತ್ತದೆ.

ಹಣ್ಣು ಕೊಯ್ಯುವ ಕಾಲ ಬಂದಾಗ ಭಾನುವಾರವೂ ಹೋಗುತ್ತದೆ. ಕಿಲೋ ಲೆಕ್ಕದ ದುಡ್ಡು ಕೈಗೆ ಬರುವಾಗ ಮನೆಯಲ್ಲಿ ಕೂರುವವರಾರು? ಸಾಲ ಇದ್ದವನನ್ನು ನಾವು ದೂಷಿಸುವುದಿಲ್ಲ. ಇನ್ನು ಹೆಣ್ಣುಮಕ್ಕಳ ಮಾತು ಬೇರೆಯೇ. ತೋಟದಿಂದ ಬಂದ ಗಂಡಸು ಜಗಲಿಯ ಮೇಲಾದರೂ ಕೂರುತ್ತಾನೆ. ಹೆಂಗಸಿಗೆ ಒಲೆ, ನೀರು, ಬಟ್ಟೆ. ತುಳುನಾಡಿನಲ್ಲಿ ಚೆನ್ನೆಮಣೆಗೆ ಆಟಿ ತಿಂಗಳೆಂದು ಕಾಲವನ್ನೇ ನಿಗದಿ ಮಾಡಿದ್ದರು. ಮಳೆ ಹೊಯ್ದು ಹೊರಗೆ ಕೆಲಸವಿಲ್ಲದಾಗ ಹೆಂಗಸರು 14 ಗುಳಿಗಳ ಮಣೆಯ ಮುಂದೆ ಕೂರುತ್ತಿದ್ದರು. ಬೇರೆ ತಿಂಗಳಲ್ಲಿ ಆಡಬಾರದೆಂಬ ಕಟ್ಟೂ ಇತ್ತು. ನಿಷೇಧದಂತೆ ಕಾಣುವ ಆ ಕಟ್ಟು ಒಂದು ರೀತಿಯಲ್ಲಿ ಹಕ್ಕೂ ಆಗಿತ್ತು. ಆಟಿಯಲ್ಲಿ ಮಣೆಯ ಮುಂದೆ ಕೂತವಳನ್ನು ಸೋಮಾರಿಯೆಂದು ಯಾರೂ ಅನ್ನುವಂತಿರಲಿಲ್ಲ.

ನಮ್ಮ ಸಭೆಯ ಹಿರಿಯರಲ್ಲಿ ಕೆಲವರು ಆಟವೆಂದರೆ ಮುಖ ಗಂಟಿಕ್ಕುತ್ತಾರೆ. ದಾಳವೆಂದರೆ ಜೂಜು, ಕ್ರೂಜೆಯ ಕೆಳಗೆ ಸೈನಿಕರು ಚೀಟಿ ಹಾಕಿ ಬಟ್ಟೆ ಹಂಚಿಕೊಂಡರಲ್ಲ ಎನ್ನುತ್ತಾರೆ. ಅವರ ಅಂಜಿಕೆಗೆ ಕಾರಣವಿಲ್ಲದಿಲ್ಲ. ಇಸ್ಪೀಟಿನಲ್ಲಿ ವಾರದ ಕೂಲಿ ಕಳೆದ ಮನೆಗಳನ್ನು ನಾವೂ ಕಂಡಿದ್ದೇವೆ. ಈಚೆಗೆ ಫೋನಿನ ರಮ್ಮಿಯಲ್ಲಿ ಕಳೆದವರನ್ನೂ ಕಂಡಿದ್ದೇವೆ. ತೆಲಂಗಾಣ ಸರ್ಕಾರ 2017ರಲ್ಲಿ ಅಂಥ ಆಟಗಳನ್ನು ನಿಷೇಧಿಸಿತು. ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳ ವಿರುದ್ಧ ಕೇಂದ್ರವೂ 2025ರ ಆಗಸ್ಟಿನಲ್ಲಿ ಕಾಯಿದೆ ತಂದಿತು. ಆದರೆ ಜೂಜನ್ನೂ ಆಟವನ್ನೂ ಒಂದೇ ಕೋಲಿನಿಂದ ಹೊಡೆಯಬಾರದು. 1980ರ ದಶಕದಲ್ಲಿ ಅಮೆರಿಕದ ಹಲವು ಕ್ರೈಸ್ತರು ಆ ಪೆಟ್ಟಿಗೆಯ ಆಟ ಸೈತಾನನದೆಂದು ಹುಯಿಲೆಬ್ಬಿಸಿದರು, ಮಕ್ಕಳು ಕೆಡುತ್ತಾರೆಂದು ಬೆದರಿದರು. ಆ ಬೆದರಿಕೆ ನಿಜವಾಗಲಿಲ್ಲ. ಅದನ್ನಾಡಿದ ಮಕ್ಕಳು ದೊಡ್ಡವರಾಗಿ ಎಲ್ಲರಂತೆ ಮನೆ ಮಠ ನಡೆಸಿದರು. ಎದುರಿಗೆ ಕೂತವನ ಕೂಲಿಯನ್ನು ಕಸಿಯುವುದು ಜೂಜು. ಎದುರಿಗೆ ಕೂತವನು ನಾಳೆಯೂ ಬರಲಿ ಎಂದು ಬಯಸುವುದು ಆಟ.

ಸತ್ಯವೇದವನ್ನು ಬಲ್ಲವರು ಪ್ರವಾದಿಯಾದ ಜೆಕರ್ಯನ ಎಂಟನೆಯ ಅಧ್ಯಾಯವನ್ನು ತೆರೆದು ನೋಡಲಿ. ಹಾಳಾದ ಪಟ್ಟಣ ಮತ್ತೆ ನೆಟ್ಟಗಾದುದಕ್ಕೆ ಅವನು ಕೊಡುವ ಗುರುತುಗಳಲ್ಲಿ ಒಂದು, ಮುದುಕ ಮುದುಕಿಯರು ಬೀದಿಯಲ್ಲಿ ಕೂತಿರುವುದು, ಹುಡುಗ ಹುಡುಗಿಯರು ಅದೇ ಬೀದಿಯಲ್ಲಿ ಆಡುತ್ತಿರುವುದು. ಹಿರಿಯರೂ ಕಿರಿಯರೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ. ಸಬ್ಬತ್ತಿನ ಆಜ್ಞೆಯಲ್ಲೂ ದಾಸ ದಾಸಿಯರ ವಿಶ್ರಾಂತಿಯನ್ನು ಹೆಸರು ಹಿಡಿದು ಹೇಳಿದೆ. ಯಜಮಾನನ ವಿಶ್ರಾಂತಿಗೆ ಆಜ್ಞೆ ಬೇಕಿರಲಿಲ್ಲ.

ಆದಕಾರಣ ಈ ಸಲ ನಾವು ನಿಮ್ಮನ್ನು ಕೇಳಿಕೊಳ್ಳುವುದು ಮೂರು ಸಂಗತಿ. ಮೊದಲನೆಯದು, ನಿಮ್ಮ ಸಂಘದ ಮುಂದಿನ ಬೇಡಿಕೆ ಪತ್ರದಲ್ಲಿ ಆಟದ ಕೋಣೆಯ ಒಂದು ಸಾಲು ಇರಲಿ. ಗೊಬ್ಬರದ ಚೀಲಗಳಿಗೆ ಬೇರೆ ಜಾಗ ಹುಡುಕುವುದು ಆಡಳಿತಕ್ಕೆ ಕಷ್ಟವಲ್ಲ. ಎರಡನೆಯದು, ಕೊಯ್ಲಿನ ಕಾಲದಲ್ಲಿ ಕೂಡ ವಾರದ ಒಂದು ಸಂಜೆಯನ್ನು ಲೈನಿನವರೆಲ್ಲ ಮಾತಾಡಿಕೊಂಡು ಒಟ್ಟಿಗೆ ಬಿಡುವು ಮಾಡಿಕೊಳ್ಳಿರಿ. ಆ ಸಂಜೆಯ ಅಡಿಗೆಗೆ ಗಂಡಸರೂ ಕೈ ಹಾಕಲಿ, ಇಲ್ಲವಾದರೆ ಅದು ಅರ್ಧ ಲೈನಿನ ಬಿಡುವಾಗುತ್ತದೆ. ಮೂರನೆಯದು, ನಿಮ್ಮ ಮನೆಯ ಹಿರಿಯರಿಗೆ ಬರುವ ಒಂದು ಆಟವನ್ನು ಈ ಮಳೆಗಾಲದೊಳಗೆ ಕಲಿಯಿರಿ. ಸೀಮೆಸುಣ್ಣ, ಹುಣಸೆ ಬೀಜ, ಬಳೆಚೂರು ಸಾಕು. ಅಸ್ಸಾಮಿನಿಂದಲೋ ಜಾರ್ಖಂಡಿನಿಂದಲೋ ಬಂದ ಕೆಲಸಗಾರರು ಪಕ್ಕದ ಲೈನಿನಲ್ಲಿದ್ದರೆ ಅವರನ್ನೂ ಕರೆಯಿರಿ. ಕವಡೆಯ ಲೆಕ್ಕಕ್ಕೆ ಭಾಷೆ ಬೇಕಿಲ್ಲ.

ಯಾಲಾಲಿನಲ್ಲಿ ಆ ಸಂಜೆ ನಮಗೆ ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಆಯಿ ಸೆರಗಿನ ಗಂಟಿನಿಂದ ನಾಲ್ಕು ಕವಡೆ ತೆಗೆದರು. ಹುಡುಗ, ಆಯಿ, ಗಣಿಯಿಂದ ಬಂದು ಕಾಲು ತೊಳೆದ ತಂದೆ, ನಾವು, ಹೀಗೆ ನಾಲ್ಕು ಕಡೆಗೆ ಕೂತೆವು. ನಾವು ಒಂದು ಕಾಯನ್ನೂ ಹಣ್ಣು ಮಾಡಲಾರದೆ ಎದ್ದೆವು. ಆಯಿ ಮೂರನ್ನು ಹಣ್ಣು ಮಾಡಿದ್ದರು. ಬಾಗಿಲಲ್ಲಿ ಹುಡುಗನನ್ನು ಕೇಳಿದೆವು, ಅಣ್ಣ ಬಂದಾಗ ಆ ಪೆಟ್ಟಿಗೆಯನ್ನು ತೆರೆಯುತ್ತೀಯಾ ಎಂದು. "ಮೊದಲು ಅವಂಗ ಇದನ್ನ ಕಲಿಸ್ತೀನಿ. ಇದಕ್ಕ ಅರ್ಧ ತಾಸು ಸಾಕು. ಆಮ್ಯಾಲ ಪೆಟ್ಟಿಗಿ ನೋಡೋಣು" ಎಂದ.

ಅಣ್ಣನಿಗೆ ಅರ್ಧ ತಾಸಿಗಿಂತ ಹೆಚ್ಚಿನ ರಜೆ ಸಿಗಲಿ ಎಂಬುದೇ ನಮ್ಮ ಪ್ರಾರ್ಥನೆ. ಪ್ರಾರ್ಥನೆಯ ಜೊತೆಗೆ ಕೇಳಿ ಪಡೆಯುವುದೂ ನಮ್ಮ ಕೆಲಸವೇ.